ಮೀನು ಗಾಡಿಯವನ ನೆಗೆಟಿವ್ ಚೀಟಿಗಳು

ಪರೀಕ್ಷೆಗೆ ಹೆದರುವವರು ಎಲ್ಲ ಊರಲ್ಲೂ ಇದ್ದಾರೆ. ನಾನೂ ಹೆದರಿಯೇ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಪಾಸಾದ ಮೇಲೆ ಹೆದರಲು ಶುರುಮಾಡುವವರು ಮಾತ್ರ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತಾರೆ. ವರ್ಷಕ್ಕೆ ಇಬ್ಬರಾದರೂ ತಪ್ಪುವುದಿಲ್ಲ.

ಶಾಲೆ ಬಿಟ್ಟ ಮೇಲೆ ನಾನು ಬೋಟಿಗೆ ಹೋದೆ, ಲಾರಿ ಕ್ಲೀನರ್ ಆದೆ, ಗೋವೆಯಲ್ಲಿ ಹೋಟೆಲಿನ ಪಾತ್ರೆ ತೊಳೆದೆ. ಒಂದು ಕಡೆ ಕೂತು ಮಾಡುವ ಕೆಲಸ ಯಾವುದೂ ಹತ್ತಲಿಲ್ಲ. ಕೊನೆಗೆ ಒಂದು ಸಂಸ್ಥೆಯವರು, ‘ಹೇಗೂ ತಿರುಗುತ್ತೀಯಲ್ಲ, ತಿರುಗುವುದಕ್ಕೇ ಸಂಬಳ ಕೊಡ್ತೇವೆ’ ಎಂದು ಕರೆದರು. ಭಟ್ಕಳದಿಂದ ಕುಮಟೆಯವರೆಗೆ ಬಂದರು, ಲಾರಿ ನಿಲ್ಲುವ ಜಾಗ, ಕೆಲಸದವರ ಶೆಡ್ಡು ಎಲ್ಲ ಸುತ್ತಿ ಎಚ್‌ಐವಿ ವಿಷಯ ಹೇಳುವುದು, ಬೇಕಾದವರನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸುವುದು ನನ್ನ ಕೆಲಸ. ಕೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದೂ ಕೆಲಸದ ಭಾಗವೇ. ಇಲ್ಲಿ ಬರೆಯುವ ಕತೆಯನ್ನು ಬರಿ ಎಂದು ಆ ಮನುಷ್ಯನೇ ಹೇಳಿದ್ದಾನೆ. ‘ಹೆಸರೊಂದು ಹಾಕಬೇಡ’ ಎಂದಿದ್ದಾನೆ. ಹೆಸರಿನ ವಿಷಯದಲ್ಲಿ ಅವನು ಎಷ್ಟು ಜಾಗ್ರತೆ ಎಂಬುದು ಮುಂದೆ ಗೊತ್ತಾಗುತ್ತದೆ.

೧. ದೋಸ್ತನ ರೋಗ

ಅವನು ಮಂಕಿಯವನು. ಬೆಳಿಗ್ಗೆ ಬಂದರಿನಲ್ಲಿ ಮೀನು ತುಂಬಿಕೊಂಡು, ಹೊನ್ನಾವರ, ಹಳದೀಪುರ, ಕುಮಟೆಯವರೆಗೆ ಪೊಂಯ್ ಪೊಂಯ್ ಎಂದು ಹಾರ್ನು ಹೊಡೆಯುತ್ತ ಮಾರಿಕೊಂಡು ಹೋಗುವ ಟೆಂಪೋದವನು. ಶರಾವತಿ ಸೇತುವೆ ಹತ್ತಿರದ ಚಹಾದಂಗಡಿಯಲ್ಲಿ ನಾವು ದಿನಾ ಸಿಗುವವರು. ಒಂದು ದಿನ ಬನ್ಸು ಮುಂದಿಟ್ಟುಕೊಂಡು ಮುಟ್ಟದೆ ಕೂತಿದ್ದ.

‘ನಿನ್ನ ಹತ್ರ ಒಂದು ಕೇಳೂದಿತ್ತು ಮಾರಾಯಾ.’

‘ಕೇಳು.’

‘ನನ್ನ ದೋಸ್ತ ಒಬ್ಬ ಒಂದು ಕಡೆ ಎಡವಿದ್ದಾನೆ. ಹೆಂಗಸಿನ ವಿಷಯ.’

ನನ್ನ ಕೆಲಸದಲ್ಲಿ ಎಲ್ಲ ರೋಗವೂ ದೋಸ್ತನಿಗೇ ಬರುವುದು. ಅದಕ್ಕೆ ನಾನು ನಗಲಿಲ್ಲ. ‘ಎಲ್ಲಿ ಎಡವಿದ?’ ಎಂದೆ.

‘ಗೋವೆಯಲ್ಲಿ.’

‘ಯಾವಾಗ?’

‘ಹೋದ ವಾರ. ನಾನು ಟೆಂಪೋ ರಿಪೇರಿಗೆ ಹೋಗಿದ್ದೆ ಅಲ್ಲನಾ, ಆವಾಗ.’

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ಅವನಿಗೇ ಗೊತ್ತಾಯಿತು. ಬನ್ಸು ನನ್ನ ಕಡೆ ಸರಿಸಿ, ‘ಸರಿ, ದೋಸ್ತ ಇಲ್ಲ’ ಎಂದ.

ಹೆದರಿಕೆಗೆ ಕಾರಣವಿತ್ತು. ಹಳದೀಪುರಕ್ಕೆ ಮದುವೆ ಮಾಡಿ ಕೊಟ್ಟ ಅವನ ಅಕ್ಕ, ಕುಮಟೆಯಲ್ಲಿ ಒಂದು ಹುಡುಗಿ ನೋಡಿಟ್ಟಿದ್ದಳು. ಮುಂದಿನ ವಾರ ನೋಡಲು ಹೋಗುವುದಿತ್ತು. ‘ನನಗೆ ಎಂತ ಆದ್ರೂ ಅಡ್ಡಿ ಇಲ್ಲ. ಏನೂ ತಿಳಿಯದ ಆ ಹುಡುಗಿಗೆ ನನ್ನಿಂದ ರೋಗ ತಾಗೂದು ಬೇಡ’ ಎಂದ. ಅಷ್ಟು ಹೇಳುವವನಿಗೆ ಸಹಾಯ ಮಾಡದಿದ್ದರೆ ನನ್ನ ತಿರುಗಾಟಕ್ಕೆ ಅರ್ಥವಿಲ್ಲ.

೨. ಭಟ್ಕಳದ ಗುಟ್ಟು

ಹೊನ್ನಾವರವೂ ಬೇಡ, ಕುಮಟೆಯೂ ಬೇಡ, ಎರಡೂ ಕಡೆ ಗುರುತಿನವರು ಎಂದು ಹೇಳಿ, ಗುಟ್ಟಾಗಿ ಭಟ್ಕಳಕ್ಕೆ ಹೊರಟ. ಗುಟ್ಟಾಗಿ ಹೊರಟವನು ಮೀನು ತುಂಬಿದ ಟೆಂಪೋದಲ್ಲೇ ಹೊರಟ. ‘ಬಸ್ಸಿಗೆ ಹೋದ್ರೆ ಜನ ನೋಡ್ತಾರೆ’ ಎಂದು ಕಾರಣ ಕೊಟ್ಟ.

ಆಸ್ಪತ್ರೆ ಎದುರು ಗಾಡಿ ನಿಲ್ಲಿಸಿ ಅವನು ಒಳಗೆ ಹೋದ. ನಾನು ಹೊರಗೆ ನಿಂತೆ. ಐದು ನಿಮಿಷಕ್ಕೆ ಟೆಂಪೋ ಸುತ್ತ ಹೆಂಗಸರು ಸೇರಿದರು. ಬುರ್ಖಾದ ಒಬ್ಬರು ‘ಭಯ್ಯಾ, ಬಂಗಡೆ ಹೇಗೆ?’ ಎಂದು ನನ್ನನ್ನೇ ಕೇಳಿದರು. ಬಾಣಂತಿ ನೋಡಲು ಬಂದ ಮುರ್ಡೇಶ್ವರದ ಕಡೆಯ ಅಜ್ಜಿಯೊಬ್ಬಳು ಟಿಫಿನ್ನಿನ ಮುಚ್ಚಳ ತೆಗೆದು ಹಿಡಿದಿದ್ದಳು. ನಾನು ಬೇಡ ಬೇಡ ಎಂದರೂ ಕೇಳಲಿಲ್ಲ, ಮಾರಲು ಕೂತೆ.

ಒಳಗೆ ಆಪ್ತಸಲಹೆಯ ಮೇಡಂ ಎಲ್ಲ ಸಮಾಧಾನದಲ್ಲಿ ಕೇಳಿ, ರಕ್ತ ತೆಗೆಸಿ, ಚೀಟಿ ಕೊಟ್ಟರಂತೆ. ನೆಗೆಟಿವ್. ಆದರೆ ಜೊತೆಗೆ ಒಂದು ಮಾತು ಹೇಳಿದರಂತೆ: ‘ನೀನು ಎಡವಿ ಒಂಬತ್ತೇ ದಿನ ಆಗಿದ್ದು. ರೋಗ ಮೈಗೆ ಬಂದರೂ ಅದರ ಗುರುತು ರಕ್ತದಲ್ಲಿ ಏಳಲು ವಾರಗಟ್ಟಲೆ ಬೇಕು. ಇದಕ್ಕೇ ವಿಂಡೋ ಪೀರಿಯಡ್ ಅನ್ನುವುದು. ಇವತ್ತಿನ ಚೀಟಿ ಹೋದ ವಾರದ ಮಾತು ಹೇಳುವುದಿಲ್ಲ. ಮೂರು ತಿಂಗಳ ಹಿಂದಿನ ತನಕ ನೀನು ಸರಿ ಇದ್ದೆ ಅಂತ ಹೇಳ್ತದೆ, ಅಷ್ಟೇ. ಆರು ವಾರಕ್ಕೆ ಒಮ್ಮೆ ಬಾ, ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಬಾ.’

ಹೊರಗೆ ಬಂದವನ ಮುಖ ಕಪ್ಪಾಗಿತ್ತು. ‘ಮೂರು ತಿಂಗಳ ಹಿಂದೆ ನಾನು ಒಳ್ಳೆಯವ ಅಂತ ನನಗೇ ಗೊತ್ತಿತ್ತು ಮಾರಾಯಾ. ಅಷ್ಟು ತಿಳಿಯೂಕೆ ಭಟ್ಕಳಕ್ಕೆ ಬರೂದಿತ್ತಾ?’ ಎಂದ. ಆಮೇಲೆ ಟೆಂಪೋ ಹಿಂದೆ ಇಣುಕಿ, ‘ಬಂಗಡೆ ಎಲ್ಲಿ ಹೋತು?’ ಎಂದ.

೩. ಭಾವ ಒಳ್ಳೆಯವನು

ಆರು ವಾರ ಕಳೆಯುವುದರೊಳಗೆ ಹುಡುಗಿ ನೋಡಿ ಆಗಿತ್ತು. ಅವಳು ಕುಮಟೆ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಕಡಿಮೆ ಮಾತು, ಚುರುಕು ಕಣ್ಣು. ಇವನಿಗೆ ಮನಸ್ಸಾಯಿತು. ಮನಸ್ಸಾದದ್ದೇ ತೊಂದರೆಯಾಯಿತು. ಹೆದರಿಕೆ ಎರಡು ಪಾಲಾಯಿತು.

ಎರಡನೇ ಸಲ ಹೊನ್ನಾವರಕ್ಕೇ ಹೋದೆವು. ಭಟ್ಕಳದ ವ್ಯಾಪಾರ ನೆನಪಿಟ್ಟು ಗಾಡಿಯನ್ನು ಸೇತುವೆಯ ಆಚೆಯೇ ಬಿಟ್ಟು ನಡೆದೆವು. ಹೆಸರು ಬರೆಸುವ ಹೊತ್ತಿಗೆ ಅವನು ನನ್ನ ಕಿವಿಯಲ್ಲಿ, ‘ನಂದು ಹೇಳೂದಿಲ್ಲ’ ಎಂದ.

‘ಇಲ್ಲಿ ಬರೆಸಿದ ಹೆಸರು ಹೊರಗೆ ಹೋಗೂದಿಲ್ಲ ಮಾರಾಯಾ. ಅದಕ್ಕೇ ಕಾಯ್ದೆ ಅದೆ.’

‘ಕಾಯ್ದೆಗೆ ನನ್ನ ಅಕ್ಕನ ಬಾಯಿ ಗೊತ್ತಿಲ್ಲ’ ಎಂದವನೇ ಅಕ್ಕನ ಗಂಡನ ಹೆಸರು ಬರೆಸಿದ. ಸುಳ್ಳು ಹೆಸರಾದರೆ ಕರೆದಾಗ ಮರೆತುಹೋಗುತ್ತದೆ, ಭಾವನ ಹೆಸರಾದರೆ ಅಭ್ಯಾಸ ಇದೆ ಎಂಬ ಲೆಕ್ಕ ಅವನದು.

ಅರ್ಧ ಗಂಟೆಗೆ ಒಳಗಿನಿಂದ ಆ ಹೆಸರು ಕರೆದರು. ಇವನು ಮೊಬೈಲು ನೋಡುತ್ತ ಕೂತಿದ್ದ. ಎರಡನೇ ಸಲ ಕರೆದರು. ತಲೆ ಎತ್ತಿ ಗಾಬರಿಯಲ್ಲಿ ಸುತ್ತ ನೋಡಿ, ‘ಭಾವ ಇಲ್ಲಿಗೆ ಎಂತಕ್ಕೆ ಬಂದ?’ ಎಂದು ನನ್ನನ್ನೇ ಕೇಳಿದ. ಚಿವುಟಿ ಎಬ್ಬಿಸಿ ಕಳಿಸಿದೆ.

ಆ ಚೀಟಿಯೂ ನೆಗೆಟಿವ್. ಆರು ವಾರಕ್ಕೆ ಇದು ಒಳ್ಳೆಯ ಸುದ್ದಿಯೇ, ಮೂರು ತಿಂಗಳಿಗೆ ಇನ್ನೊಂದು ಮಾಡಿಸಿದರೆ ಮುಗಿಯಿತು ಎಂದು ಆ ಮೇಡಮ್ಮೂ ಹೇಳಿದರು. ನಾನು ಖುಷಿಯಲ್ಲಿ ಬೆನ್ನು ತಟ್ಟಿದೆ. ಅವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟ.

‘ಭಾವ ಒಳ್ಳೆಯವ ಅಂತ ನನಗೆ ಮೊದಲೇ ಗೊತ್ತಿತ್ತು. ನನ್ನ ಕತೆ ಎಂತ?’

೪. ನಾಲ್ಕು ಕಿಲೋ

ನಡುವಿನ ಆರು ವಾರ ಅವನನ್ನು ಸಾಕಿದ್ದು ಮೊಬೈಲು. ಅದರಲ್ಲಿ ಹೇಳಿದ ಲಕ್ಷಣವೆಲ್ಲ ಅವನಿಗೆ ಮರುದಿನ ಬೆಳಿಗ್ಗೆ ಬರುತ್ತಿತ್ತು. ಟೆಂಪೋ ಕನ್ನಡಿಯಲ್ಲಿ ನಾಲಗೆ ನೋಡಿಕೊಳ್ಳುತ್ತಿದ್ದ. ಮೇ ತಿಂಗಳಲ್ಲಿ ಬೆವರು ಬಂದರೂ ಫೋನು ಮಾಡುತ್ತಿದ್ದ. ‘ಈ ಸೆಕೆಯಲ್ಲಿ ಬೆವರದವನಿಗೆ ಮಾತ್ರ ಆಸ್ಪತ್ರೆ ಬೇಕು’ ಎಂದು ನಾನು ಬೈದರೆ ಎರಡು ದಿನ ಸುಮ್ಮನಿರುತ್ತಿದ್ದ.

ಮದುವೆ ಮಾತಿಗೂ ಇದೇ ಗತಿ. ಹುಡುಗಿಯ ಅಪ್ಪ ದಿನ ಗೊತ್ತು ಮಾಡೋಣ ಎಂದಾಗ, ‘ಮಳೆಗಾಲದ ಮೀನುಗಾರಿಕೆ ಬಂದ್ ಶುರುವಾಗಲಿ, ಬೋಟು ದಡದ ಮೇಲೆ ಬರಲಿ, ಪುರುಸೊತ್ತಾಗ್ತದೆ’ ಎಂದ. ಬೋಟುಗಳು ಮೇಲೆ ಬಂದವು. ‘ಬೋಟು ಇಳೀಲಿ, ಕೈಯಲ್ಲಿ ನಾಲ್ಕು ಕಾಸು ಆಗ್ತದೆ’ ಎಂದ. ಆ ಅಪ್ಪ ಅಕ್ಕನಿಗೆ ಫೋನು ಮಾಡಿ, ‘ಬೋಟು ಮೇಲಿದ್ರೂ ಆಗೂದಿಲ್ಲ, ಕೆಳಗಿದ್ರೂ ಆಗೂದಿಲ್ಲ. ನಿಮ್ಮ ತಮ್ಮನಿಗೆ ಬೇರೆ ಸಮುದ್ರ ತರಿಸೂದಾ? ಮೂರನೇ ಸಲ ಮುಂದೆ ಹಾಕಿದ್ರೆ ನಾವು ಬೇರೆ ಕಡೆ ನೋಡ್ತೇವೆ’ ಎಂದರಂತೆ.

ಇದರ ನಡುವೆ ಒಂದು ಬೆಳಿಗ್ಗೆ ಬಂದರಿನಿಂದ ಅಳುವ ದನಿಯಲ್ಲಿ ಫೋನು ಬಂತು. ‘ನಾಲ್ಕು ಕಿಲೋ ಇಳಿದಿದ್ದೇನೆ. ಮುಗೀತು.’

ಓಡಿದೆ. ಅವನು ದಲಾಲಿಯ ತೂಕದ ಯಂತ್ರದ ಹತ್ತಿರ ಮೀನಿನ ಬುಟ್ಟಿಗಳ ನಡುವೆ ನಿಂತಿದ್ದ. ಅದರ ಮೇಲೆ ಹತ್ತಿ ತೋರಿಸಿದ. ಭಟ್ಕಳದ ಆಸ್ಪತ್ರೆಯಲ್ಲಿ ತೂಗಿದ್ದಕ್ಕಿಂತ ಸರಿಯಾಗಿ ನಾಲ್ಕು ಕಿಲೋ ಕಡಿಮೆ.

ನಾನು ಏನೂ ಹೇಳದೆ ಹತ್ತಿದೆ. ನಾನೂ ನಾಲ್ಕು ಕಿಲೋ ಇಳಿದಿದ್ದೆ. ಬರ್ಫ ಹೊರುವ ದಡಿಯನನ್ನು ಕರೆದು ಹತ್ತಿಸಿದೆವು. ಅವನು, ‘ನಾನು ಇಷ್ಟು ಹಗುರ ಯಾವಾಗ ಆದೆ?’ ಎಂದು ಖುಷಿಪಟ್ಟ.

ಆ ಯಂತ್ರ ಬೋಟಿನವರಿಗೆ ಮೋಸ ಮಾಡುತ್ತದೆ ಎಂದು ಬಂದರಿಗೆಲ್ಲ ಗೊತ್ತು. ಟೆಂಪೋ ಕೊಳ್ಳುವ ಮೊದಲು ಹತ್ತು ವರ್ಷ ಬೋಟಿನಲ್ಲಿದ್ದಾಗ ಅದೇ ಯಂತ್ರ ಸುಳ್ಳು ಹೇಳುತ್ತದೆ ಎಂದು ದಲಾಲಿಯ ಅಂಗಿ ಹಿಡಿದು ಜಗಳ ಮಾಡಿದವನು ಇವನೇ. ತಾನು ಹತ್ತಿ ನಿಂತ ದಿನ ಮಾತ್ರ ಅದನ್ನು ನಂಬಿದ.

೫. ತಾಜಾ ಇದೆಯಾ

ಮೂರು ತಿಂಗಳು ತುಂಬಿ ಮೇಲೆ ಹತ್ತು ದಿನವಾಯಿತು. ಮೂರನೇ ಪರೀಕ್ಷೆಗೆ ಕುಮಟೆ. ಹೆಸರು ಬರೆಸುವಾಗ ನಾನು ಪಕ್ಕದಲ್ಲಿರಲಿಲ್ಲ, ಚಹಾ ತರಲು ಹೋಗಿದ್ದೆ. ಅದರ ಫಲ ಆಮೇಲೆ ಸಿಕ್ಕಿತು.

ರಕ್ತ ತೆಗೆಯುವ ಅಕ್ಕ ಇವನ ಗಾಡಿಯ ಗಿರಾಕಿ. ವಾರಕ್ಕೆ ಮೂರು ಸಲ ಇವನಿಂದ ಮೀನು ಕೊಳ್ಳುವವಳು. ನೋಡಿದರೂ ನೋಡದ ಹಾಗೆ ಕೆಲಸ ಮಾಡಿದಳು, ಅವಳ ಕೆಲಸದ ಶಿಸ್ತು ಅದು. ಅವನಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಪರೀಕ್ಷೆಯ ಕಿಟ್ಟು ಹೊರಗೆ ತೆಗೆದದ್ದೇ ಶುರುಮಾಡಿದ.

‘ಇದು ಯಾವಾಗಿಂದು?’

‘ಹೋದ ತಿಂಗಳು ಬಂದದ್ದು.’

‘ತಂಪಲ್ಲಿ ಇಟ್ಟಿದ್ರಾ?’

‘ಇಟ್ಟಿದ್ದೇವೆ.’

‘ದಾರಿಯಲ್ಲಿ ಬರುವಾಗ ಬಿಸಿಲಿಗೆ ಬಿದ್ದಿರಲಿಕ್ಕಿಲ್ಲಲ್ಲ? ಒಂದು ಸಲ ಬಿಸಿ ತಾಗಿದ್ರೆ ಮತ್ತೆ ಬರ್ಫದಲ್ಲಿಟ್ಟರೂ ಉಪಯೋಗ ಇಲ್ಲ ನೋಡಿ.’

ಅವಳು ಪೊಟ್ಟಣದ ಮೇಲಿನ ಅವಧಿ ತಾರೀಖು ತೋರಿಸಿದಳು. ಅವನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಿದ. ಅವನ ಟೆಂಪೋ ಮುಂದೆ ನಿಂತು ಹೆಂಗಸರು ಬಂಗಡೆಯ ಕಿವಿರು ಬಿಡಿಸಿ ನೋಡುವ ಹಾಗೆಯೇ ಇತ್ತು.

ಕೊನೆಗೆ ಅವಳು ಸೂಜಿ ಕೆಳಗಿಟ್ಟು ಹೇಳಿದಳು, ‘ಹೋದ ಶುಕ್ರವಾರ ನೀನು ನನಗೆ ಕೊಟ್ಟ ತಾರ್ಲೆ ಮೀನಿಗಿಂತ ತಾಜಾ ಇದೆ. ಕೈ ಚಾಚು.’

ಗೆರೆ ಒಂದೇ ಬಂತು. ಆ ಒಂದು ಗೆರೆ ಕಿಟ್ಟು ಸರಿ ಇದೆ ಎಂಬುದಕ್ಕೆ. ಎರಡನೇ ಗೆರೆ ಎದ್ದರೆ ಮಾತ್ರ ಮುಂದಿನ ಪರೀಕ್ಷೆ ಎಂದು ವಿವರಿಸಿ, ‘ಮೂರು ತಿಂಗಳು ದಾಟಿದೆ, ನಡುವೆ ಮತ್ತೆ ಎಡವಲಿಲ್ಲ ಅಂತಿ. ಇದು ನಂಬುವ ಚೀಟಿ. ಮನೆಗೆ ಹೋಗಿ ಊಟ ಮಾಡು’ ಎಂದರು ಅಲ್ಲಿನ ಮೇಡಂ. ಹೊರಗೆ ಬಂದು ಅವನು ಕೇಳಿದ, ‘ಬೇರೆಯವರ ಹೆಸರಲ್ಲಿ ಬರೆಸಿದ್ರೆ ರಕ್ತಕ್ಕೆ ಗೊತ್ತಾಗ್ತದಾ?’

೬. ಓದಲು ನನಗೂ ಬರುತ್ತದೆ

ಮರುವಾರ ಹಳದೀಪುರದಲ್ಲಿ ಅಕ್ಕನ ಮನೆಗೆ ಊಟಕ್ಕೆ ಹೋದವನು, ಮೀನಿನ ನೀರು ಚೆಲ್ಲಿದ ಪ್ಯಾಂಟು ಬಿಚ್ಚಿ ಭಾವನ ಲುಂಗಿ ಸುತ್ತಿಕೊಂಡ. ಅಕ್ಕ ಪ್ಯಾಂಟು ತೊಳೆಯಲು ಒಯ್ದಳು. ಜೇಬು ತಡಕಿದಳು. ಆಗಾಗ ತೆಗೆದು ನೋಡಲು ಅವನು ಇಟ್ಟುಕೊಂಡಿದ್ದ ಹೊನ್ನಾವರದ ಚೀಟಿ ಸಿಕ್ಕಿತು, ಮೇಲೆ ಅವಳ ಗಂಡನ ಹೆಸರು.

ನಾನು ಆ ದಿನ ಅದೇ ದಾರಿಯಲ್ಲಿ ಬಂದವನು ನೀರು ಕುಡಿಯಲು ಒಳಗೆ ಹೊಕ್ಕೆ. ಜಗುಲಿಯಲ್ಲಿ ಭಾವ ಕೂತಿದ್ದ, ತೋಟದಿಂದ ಕಾಯಿ ಕೀಳಿಸಿ ಬಂದ ಮೈಯಲ್ಲೇ. ಅಕ್ಕ ಚೀಟಿ ಹಿಡಿದು ನಿಂತಿದ್ದಳು. ನಮ್ಮವನು ಮೂಲೆಯಲ್ಲಿ ಲುಂಗಿ ಬಿಗಿಹಿಡಿದು ನಿಂತಿದ್ದ.

‘ನೆಗೆಟಿವ್ ಅಂತ ಬರೆದದೆ ಮಾರಾಯ್ತಿ, ನೋಡು’ ಎನ್ನುತ್ತಿದ್ದ ಭಾವ. ಏನು ನಡೆದಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಸಿಕ್ಕಿದ್ದನ್ನು ಹಿಡಿದುಕೊಂಡಿದ್ದ.

‘ನೆಗೆಟಿವ್ ಅಂತ ಓದೂಕೆ ನನಗೂ ಬತ್ತದೆ. ಮಾಡಿಸೂಕೆ ಎಂತಕ್ಕೆ ಹೋದ್ರಿ ಅಂತ ನಾನು ಕೇಳೂದು.’

‘ನಾನು ಹೋಗಲೇ ಇಲ್ಲ.’

‘ಹೋಗದೆ ರಕ್ತ ಹೋತಾ?’ ನನ್ನನ್ನು ಕಂಡು ಅವಳು ಈ ಕಡೆ ತಿರುಗಿದಳು. ‘ಬಾ ತಮ್ಮ, ಸರಿಯಾದ ಹೊತ್ತಿಗೆ ಬಂದೆ. ಇದು ನಿನ್ನ ಇಲಾಖೆ. ಇವರನ್ನು ಕರಕೊಂಡು ಹೋದದ್ದು ನೀನೇ ಅಲ್ಲನಾ?’

ಭಾವ ನನ್ನನ್ನು ನೋಡಿದ. ನಾನು ಬಾಯಿ ಬಿಡುವ ಹಾಗಿಲ್ಲ, ಕಾಯ್ದೆ. ತಂಬಿಗೆ ಎತ್ತಿ ನೀರು ಕುಡಿದೆ, ಮುಗಿದ ಮೇಲೂ ಕುಡಿಯುತ್ತಲೇ ಇದ್ದೆ. ಅಕ್ಕನ ಕಣ್ಣಲ್ಲಿ ನೀರು ತುಂಬಿದ್ದು ಕಂಡಿತು. ನಮ್ಮವನೂ ಅದನ್ನು ಕಂಡ. ಮೂರು ತಿಂಗಳು ಮುಚ್ಚಿಟ್ಟದ್ದನ್ನು ಲುಂಗಿ ಹಿಡಿದುಕೊಂಡೇ ಹೇಳಿಬಿಟ್ಟ. ಗೋವೆ, ಭಟ್ಕಳ, ಹೊನ್ನಾವರ, ಎಲ್ಲ.

ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ, ‘ಆ ಹುಡುಗಿಗೆ ನೀನು ಹೇಳ್ತ್ಯಾ, ನಾನು ಹೇಳಲಾ?’ ಎಂದಳು.

‘ನಾನೇ ಹೇಳ್ತೆ.’

ಭಾವ ಎದ್ದು ಬಂದು ಆ ಚೀಟಿ ಕೈಗೆ ತೆಗೆದುಕೊಂಡು ಕನ್ನಡಕ ಹಾಕಿ ಓದಿದ. ಇಪ್ಪತ್ತು ವರ್ಷದ ಸಂಸಾರ ಒಂದು ಮಧ್ಯಾಹ್ನದಲ್ಲಿ ಹೋಗಿ ಬಂದ ಮನುಷ್ಯ. ‘ವಯಸ್ಸು ಇಪ್ಪತ್ತೊಂಬತ್ತು ಅಂತ ಬರೆಸಿದ್ದೀಯಲಾ’ ಎಂದ. ‘ಅದೊಂದು ಒಳ್ಳೇದು ಮಾಡಿದೆ.’

೭. ಮದುಮಗ ಯಾರು

ಮರುದಿನ ಕುಮಟೆಗೆ ಹೋದೆವು. ‘ನೀನೂ ಬಾ, ಮೂರು ತಿಂಗಳ ಲೆಕ್ಕ ನಾನು ಹೇಳಿದ್ರೆ ನಂಬಿಕೆ ಬರೂದಿಲ್ಲ’ ಎಂದು ನನ್ನನ್ನೂ ಎಳೆದುಕೊಂಡು ಹೋದ. ಹೊಲಿಗೆ ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಇವನು ನಿಂತೇ ಹೇಳಿದ. ಅವಳು ಹೊಲಿಯುತ್ತಲೇ ಕೇಳಿದಳು. ಗೋವೆ ಎಂದಾಗ ಮಷಿನು ನಿಂತಿತು.

‘ನನ್ನನ್ನು ನೋಡೂಕೆ ಬಂದದ್ದಕ್ಕೆ ಮೊದಲಾ, ಮೇಲಾ?’

‘ಮೊದಲು. ಹದಿನೈದು ದಿನ ಮೊದಲು. ಆಮೇಲೆ ಇಲ್ಲ.’

‘ಮದುವೆ ಎರಡು ಸಲ ಮುಂದೆ ಹಾಕಿದ್ದು ಇದಕ್ಕಾ?’

‘ಹೌದು.’

‘ಬೇರೆ ಹುಡುಗಿ ಇದ್ದಾಳೆ ಅಂತ ಮಾಡಿದ್ದೆ’ ಎಂದಳು. ಬಟ್ಟೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಾ ಬಿಡಿಸುತ್ತಾ ಇದ್ದಳು. ಕೊನೆಗೆ ಕೈ ಚಾಚಿದಳು. ‘ಚೀಟಿ ಕೊಡಿ.’

ಅವನು ಪ್ಲಾಸ್ಟಿಕ್ ಕೊಟ್ಟೆಯಿಂದ ಮೂರೂ ತೆಗೆದು ಮಷಿನಿನ ಮೇಲೆ ಇಟ್ಟ. ಅವಳು ಹೊನ್ನಾವರದ್ದು ಎತ್ತಿದಳು.

‘ಇದು ಯಾರು?’

‘ಭಾವ.’

ಭಟ್ಕಳದ್ದು ಎತ್ತಿ ಹೆಸರು ಓದಿದಳು. ನನ್ನ ಹೆಸರು. ನಾನು ಹೊರಗೆ ಬಂಗಡೆ ಮಾರುತ್ತಿದ್ದಾಗ ಒಳಗೆ ನನ್ನನ್ನೇ ಪರೀಕ್ಷೆ ಮಾಡಿಸಿದ್ದಾನೆ. ‘ಅದು ನಾನು’ ಎಂದೆ, ನನಗೇ ನಂಬಿಕೆಯಾಗದೆ.

ಮೂರನೆಯದನ್ನು ಅವಳು ಎರಡು ಸಲ ಓದಿದಳು. ‘ಇದು ನನ್ನ ಅಪ್ಪ.’

ನಮ್ಮವನ ದನಿ ನೆಲಕ್ಕಿಳಿಯಿತು. ಭಾವನ ಹೆಸರು, ನನ್ನ ಹೆಸರು ಎರಡೂ ಖರ್ಚಾಗಿದ್ದವಂತೆ. ಕುಮಟೆಯಲ್ಲಿ ಹೆಸರು ಕೇಳುವ ಹೊತ್ತಿಗೇ ಮದುವೆ ದಿನ ಗೊತ್ತು ಮಾಡಲು ಮಾವನ ಫೋನು ಬಂತಂತೆ. ಗಾಬರಿಯಲ್ಲಿ ಮೊಬೈಲಿನಲ್ಲಿ ಕಂಡದ್ದನ್ನೇ ಓದಿ ಹೇಳಿದನಂತೆ.

ಅವಳು ಮೂರು ಚೀಟಿಯನ್ನೂ ಸಾಲಾಗಿ ಜೋಡಿಸಿ, ಸೂಜಿ ಚುಚ್ಚಿಡುವ ದಿಂಬನ್ನು ಮೇಲೆ ಇಟ್ಟಳು.

‘ಭಾವನಿಗೆ ಇಲ್ಲ. ದೋಸ್ತನಿಗೆ ಇಲ್ಲ. ಅಪ್ಪನಿಗೆ ಇಲ್ಲ. ಎರಡೂ ಕಡೆಯವರು ಸುಖವಾಗಿದ್ದಾರೆ. ಇದರಲ್ಲಿ ಮದುಮಗ ಯಾರು?’

ಅವಳ ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ನಗೆ ಕಂಡದ್ದೇ ನನಗೆ ಜೀವ ಬಂತು. ಅವಳು ಬಾಗಿಲು ಎಳೆದು ಬೀಗ ಹಾಕಿದಳು. ‘ನಡೀರಿ. ನಾನೂ ಮಾಡಿಸ್ತೇನೆ. ಒಬ್ಬರದ್ದೇ ಯಾಕೆ?’

ಆಸ್ಪತ್ರೆಯಲ್ಲಿ ಇಬ್ಬರೂ ಸ್ವಂತ ಹೆಸರು ಬರೆಸಿದರು. ಅವನು ಬರೆಸುವಾಗ ಅವಳು ಪಕ್ಕದಲ್ಲೇ ನಿಂತು ಅಕ್ಷರ ಅಕ್ಷರ ನೋಡಿದಳು. ರಕ್ತ ತೆಗೆಯುವ ಅಕ್ಕ ಈ ಸಲವೂ ಗುರುತು ತೋರಿಸಲಿಲ್ಲ. ಅವನು ಕಿಟ್ಟಿನ ಬಗ್ಗೆ ಬಾಯಿ ತೆರೆಯುತ್ತಿದ್ದ, ಹುಡುಗಿ ನೋಡಿದ್ದಕ್ಕೆ ಮುಚ್ಚಿದ. ಎರಡೂ ಚೀಟಿ ನೆಗೆಟಿವ್. ತನ್ನ ಹೆಸರಿದ್ದ ಚೀಟಿ ಕೈಗೆ ಬಂದಾಗ ಅವನು ಬಹಳ ಹೊತ್ತು ಅದನ್ನೇ ನೋಡಿದ. ಅದೇ ರಕ್ತ, ಅದೇ ಉತ್ತರ, ನಾಲ್ಕನೇ ಸಲ. ಈ ಸಲ ನಂಬಿದ. ಗಾಡಿ ಹತ್ತಿ, ಮಾರಲು ಒಂದು ಮೀನೂ ಇಲ್ಲದಿದ್ದರೂ ಹಳದೀಪುರದವರೆಗೆ ಹಾರ್ನು ಹೊಡೆಯುತ್ತಲೇ ಹೋದ. ದಾರಿಯುದ್ದಕ್ಕೂ ಹೆಂಗಸರು ತಟ್ಟೆ ಹಿಡಿದು ಹೊರಗೆ ಬಂದು ಬೈದರು.

ಮದುವೆ ಕುಮಟೆಯಲ್ಲಾಯಿತು. ಮಾವ ಓಡಾಡುತ್ತಿದ್ದರು, ತಮಗೂ ರೋಗವಿಲ್ಲ ಎಂದು ಸರಕಾರಿ ಚೀಟಿ ಇರುವುದು ಅವರಿಗೆ ಇವತ್ತಿಗೂ ತಿಳಿಯದು. ಭಾವ ಇಪ್ಪತ್ತೊಂಬತ್ತರ ಹುರುಪಿನಲ್ಲಿ ಬಡಿಸುತ್ತಿದ್ದ. ನಾನು ಮದುಮಗನ ಹಿಂದೆ, ಬೆವರು ಒರೆಸುವ ಟವೆಲು ಹಿಡಿದು ನಿಂತಿದ್ದೆ.

ಸಂಕಲ್ಪಕ್ಕೆ ಕೂತಾಗ ಪುರೋಹಿತರು ಕೈಗೆ ನೀರು ಹಾಕಿ, ‘ಹೆಸರು ಹೇಳು’ ಎಂದರು.

ಅವನು ತಡವರಿಸಿದ. ಭಾವನ ಕಡೆ ನೋಡಿದ, ನನ್ನ ಕಡೆ ನೋಡಿದ, ಮಾವನ ಕಡೆ ನೋಡಿದ.

ಮದುಮಗಳು ತಲೆ ಎತ್ತದೆ ಮೆಲ್ಲಗೆ ಹೇಳಿದಳು, ‘ಈ ಸಲ ನಿಮ್ಮದೇ ಹೇಳಿ.’